ಘಾಟಿ ಇಳಿಯುವ ಲಾರಿಗೂ ಒಂದು ಪರೀಕ್ಷೆ ಬೇಕು

ಹಾಸನದಿಂದ ಮಂಗಳೂರು ಬಂದರಿಗೆ ಕಾಫಿ ಸಾಗಿಸುವ ಲಾರಿಗಳು ನನ್ನವು. ಶಿರಾಡಿ ಘಾಟಿ ಇಳಿದು ಗುಂಡ್ಯದಲ್ಲಿ ಗಾಡಿ ನಿಲ್ಲಿಸಿದರೆ ಬ್ರೇಕ್ ಡ್ರಮ್ಮಿನ ಕಾವು ಮುಖಕ್ಕೆ ಬಡಿಯುತ್ತದೆ. ಲೈನರ್ ಸವೆದ ಖರ್ಚನ್ನು ನಾವು ಮಾಲೀಕರು ಬರೆದಿಡುತ್ತೇವೆ. ಹತ್ತುವಾಗ ಡೀಸೆಲ್ ಸುಟ್ಟು ಗಳಿಸಿದ ಶಕ್ತಿ ಇಳಿಯುವಾಗ ಹೀಗೆ ಬಿಸಿಯಾಗಿ ಹೋಗುವುದನ್ನು ಮಾತ್ರ ಯಾರೂ ಬರೆಯುವುದಿಲ್ಲ.

40 ಟನ್ ತೂಕದ ಗಾಡಿ 700 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 75 ಯೂನಿಟ್ ವಿದ್ಯುತ್ತಿಗೆ ಸಮ. ಗಾಳಿ, ಟೈರುಗಳ ಪಾಲು ಕಳೆದರೂ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಲಾರಿಯಲ್ಲಿ ಆ ಮೋಟಾರು ಇಳಿಜಾರಿನಲ್ಲಿ ಜನರೇಟರ್ ಆಗಿ ಗಾಡಿಯನ್ನು ತಡೆಯುತ್ತದೆ, ಬ್ಯಾಟರಿಯನ್ನೂ ತುಂಬಿಸುತ್ತದೆ. ಅಷ್ಟನ್ನೂ ಹಿಡಿಯುವ ಬ್ಯಾಟರಿ ದುಬಾರಿ, ಭಾರವೂ ಹೆಚ್ಚು, ಪೇಲೋಡ್ ತಿನ್ನುತ್ತದೆ. ಆದರೆ 20 ಯೂನಿಟ್ ಹಿಡಿದರೂ ಸಾಕು. ಒಂದು ಲೀಟರ್ ಡೀಸೆಲ್ಲಿನಿಂದ ಚಕ್ರಕ್ಕೆ ತಲುಪುವುದು ಸುಮಾರು ನಾಲ್ಕು ಯೂನಿಟ್ ಎನ್ನುವ ಲೆಕ್ಕದಲ್ಲಿ, ಬ್ಯಾಟರಿ, ಮೋಟಾರುಗಳ ನಷ್ಟ ಕಳೆದರೂ ಒಂದು ಇಳಿತಕ್ಕೆ ನಾಲ್ಕು ಲೀಟರ್ ಉಳಿಯಬೇಕು. ಗುಂಡ್ಯದಿಂದ ಬಿ.ಸಿ. ರೋಡಿನವರೆಗೆ ದಾರಿ ಏರುತ್ತಾ ಇಳಿಯುತ್ತಾ ಸಾಗುವುದರಿಂದ, ಹಿಡಿದಿಟ್ಟ ಶಕ್ತಿ ಅಲ್ಲೇ ಕೆಲಸಕ್ಕೆ ಬರುತ್ತದೆ.

ಸಮತಟ್ಟಾದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವ ಗಾಡಿಗೆ ಹೈಬ್ರಿಡ್‌ನಿಂದ ಅಂಥ ಲಾಭವಿಲ್ಲ, ನಿಜ. ನನ್ನ ತಕರಾರು ಇರುವುದೂ ಇಲ್ಲೇ. ಭಾರೀ ವಾಹನಗಳಿಗೆ ಕೇಂದ್ರ ಸರ್ಕಾರ 2017ರಲ್ಲಿ ಪ್ರಕಟಿಸಿದ ಇಂಧನ ಮಾನದಂಡ ಗಂಟೆಗೆ 40 ಮತ್ತು 60 ಕಿ.ಮೀ. ಸ್ಥಿರ ವೇಗದ ಪರೀಕ್ಷೆಯನ್ನು ನೆಚ್ಚಿಕೊಂಡಿತು. ಬ್ರೇಕನ್ನೇ ಒತ್ತದ ಪರೀಕ್ಷೆಯಲ್ಲಿ ಬ್ರೇಕಿನ ಶಕ್ತಿ ಉಳಿಸುವ ಗಾಡಿ ಹೇಗೆ ಗೆದ್ದೀತು? ಅಂಕ ಸಿಗದ ತಂತ್ರಕ್ಕೆ ಕಂಪನಿಗಳು ಯಾಕೆ ಹಣ ಹಾಕುತ್ತವೆ?

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಎಡಿಸನ್ ಮೋಟಾರ್ಸ್ ಎಂಬ ಸಣ್ಣ ಕಂಪನಿ ಮರದ ದಿಮ್ಮಿ ಸಾಗಿಸುವ ಲಾರಿಗೆ ಡೀಸೆಲ್ ಜನರೇಟರ್, ಬ್ಯಾಟರಿ, ಮೋಟಾರುಗಳನ್ನು ಜೋಡಿಸಿದೆ. ಅಲ್ಲಿ ಗುಡ್ಡದಿಂದ ಹೊರೆ ಹೊತ್ತು ಇಳಿಯುವುದೇ ಕಸುಬು. ನಮ್ಮ ಕಾಫಿಯ ದಾರಿಯೂ ಅಂಥದ್ದೇ.

ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಇ-ಟ್ರಕ್‌ಗಳಿಗೆ 500 ಕೋಟಿ ರೂಪಾಯಿ ಇಟ್ಟಿದ್ದಾರೆ. ಸಂತೋಷ. ಅದರ ಜೊತೆಗೆ ನಾನು ಕೇಳುವುದು ಹೊಸ ಸಬ್ಸಿಡಿಯನ್ನಲ್ಲ. ಮಾಮೂಲಿ ಡೀಸೆಲ್ ಗಾಡಿ ಒಂದು, ಹೈಬ್ರಿಡ್ ಒಂದು, ಎರಡಕ್ಕೂ ಒಂದೇ ತೂಕ ಹೇರಿ ಸರ್ಕಾರ ಬೆಂಗಳೂರು–ಮಂಗಳೂರು ದಾರಿಯಲ್ಲಿ ಓಡಿಸಲಿ, ಮಳೆಗಾಲದಲ್ಲೂ ಓಡಿಸಲಿ. ಹೋಗುವಾಗ ಎಷ್ಟು ಡೀಸೆಲ್, ಬರುವಾಗ ಎಷ್ಟು ಎಂಬುದನ್ನು ಬೇರೆಬೇರೆಯಾಗಿ ಪ್ರಕಟಿಸಲಿ. ಆ ಅಂಕಿ ಕೈಗೆ ಸಿಕ್ಕರೆ, ಸಾಲ ಮಾಡಿ ಹೈಬ್ರಿಡ್ ಕೊಳ್ಳಬೇಕೋ ಬೇಡವೋ ಎಂದು ನಮ್ಮಂಥವರು ಲೆಕ್ಕ ಹಾಕಿಕೊಳ್ಳುತ್ತೇವೆ.