ಅಗ್ನಿಶಾಮಕ ವಾಹನದ ಆಯುಸ್ಸು

ಮಾಘ ಫಾಲ್ಗುಣ ಮಾಸಗಳು ಕಾಲಿಟ್ಟು, ಬೈಲಿನ ಕೊಯ್ಲು ಮುಗಿದು, ಹುಲ್ಲಿನ ಕುತ್ರಿಗಳು ಅಂಗಳದ ಮೂಲೆಯಲ್ಲಿ ಎದ್ದುನಿಂತು, ಹಾಡಿ ಹಕ್ಕಲುಗಳ ಮುಳಿಹುಲ್ಲು ಬೂದುಬಣ್ಣಕ್ಕೆ ತಿರುಗಿದ ಮೇಲೆ, ಕುಂದಾಪುರ ಸೀಮೆಯ ಅಗ್ನಿಶಾಮಕ ಠಾಣೆಗಳಿಗೆ ಮಳೆ ಬೀಳುವವರೆಗೆ ವಿಶ್ರಾಂತಿಯೆಂಬುದು ಇರುವುದಿಲ್ಲ. ‘ಹಾಡಿಗ್ ಬೆಂಕಿ ಬಿದ್ದಿತ್, ಬೇಗ್ ಬನ್ನಿ ಮಾರಾಯ್ರೆ’ ಎಂದು ದೂರವಾಣಿಯಲ್ಲಿ ಮೊರೆಯಿಡುವ ಗೃಹಸ್ಥನು ವಾಹನ ಎಷ್ಟು ಹೊತ್ತಿಗೆ ಬಂದೀತೆಂದು ಕೇಳುತ್ತಾನೆಯೇ ಹೊರತು, ಅದು ಎಂಥ ವಾಹನ, ಅದನ್ನು ಆಯ್ದವರು ಯಾರು, ಅದರ ಪಂಪು ಎಷ್ಟು ಸವೆದಿದೆ ಎಂದು ಕೇಳುವುದಿಲ್ಲ. ಕೇಳುವ ವ್ಯವಧಾನವೂ ಅವನಿಗಿಲ್ಲ. ಆ ಪ್ರಶ್ನೆಗಳನ್ನು ಬೆಂಕಿಯಿಲ್ಲದ ದಿನಗಳಲ್ಲಿ ನಾವು, ಎಂದರೆ ತೆರಿಗೆ ಕೊಡುವ ಸಾರ್ವಜನಿಕರು, ಕೇಳಬೇಕು. ಏಕೆಂದರೆ ಅಗ್ನಿಶಾಮಕ ವಾಹನವು ಎಷ್ಟು ಕಾಲ ಬಾಳೀತು, ಬಾಳಿದಷ್ಟು ಕಾಲ ಎಷ್ಟು ಕೆಲಸಕ್ಕೆ ಬಂದೀತು ಎಂಬುದು ಬಹುಮಟ್ಟಿಗೆ ನಿಶ್ಚಯವಾಗುವುದು ಅದನ್ನು ಕೊಳ್ಳುವ ದಿನದಲ್ಲಿ. ಮತ್ತು ಆ ನಿಶ್ಚಯದಲ್ಲಿ ಈ ಕರಾವಳಿಯ ಮಣ್ಣು, ನೀರು, ದಾರಿಗಳಿಗೆ ಇಂದಿನವರೆಗೆ ಸಲ್ಲಬೇಕಾದ ಸ್ಥಾನ ಸಂದಿಲ್ಲವೆಂಬುದೇ ನನ್ನ ಆಕ್ಷೇಪ.

ನಮ್ಮ ರಾಜ್ಯದಲ್ಲಿ ಈ ಸೇವೆಯು 1964ರ ಅಗ್ನಿಶಾಮಕ ದಳ ಅಧಿನಿಯಮದ ಮೇರೆಗೆ ರಾಜ್ಯ ಸರಕಾರದ ಇಲಾಖೆಯಾಗಿ ನಡೆಯುತ್ತದೆ. ಮುಂಬಯಿಯಲ್ಲಿ ಅದು ಮಹಾನಗರಪಾಲಿಕೆಯ ಅಂಗ. ಅಮೆರಿಕದ ಬಹುತೇಕ ಪಟ್ಟಣಗಳಲ್ಲಿ ಸ್ಥಳೀಯ ಆಡಳಿತದ ಹೊಣೆ. ಅಲ್ಲಿನ ದಳದವರು ತಮ್ಮೂರಿನ ಬೀದಿಯ ತಿರುವು, ಸೇತುವೆಯ ಧಾರಣಶಕ್ತಿ, ಠಾಣೆಯ ಬಾಗಿಲಿನ ಎತ್ತರ ಇವುಗಳನ್ನೆಲ್ಲ ಅಳೆದು, ತಮಗೆ ಬೇಕಾದ ವಾಹನದ ವಿವರವನ್ನು ತಾವೇ ಬರೆದು ತಯಾರಕರಿಗೆ ಒಪ್ಪಿಸುವ ವಾಡಿಕೆಯುಂಟು. ನಮ್ಮಲ್ಲಾದರೋ ಬೆಂಗಳೂರಿನಲ್ಲಿ ಟೆಂಡರು ಕರೆಯಲ್ಪಟ್ಟು, ಟಾಟಾ ಅಥವಾ ಅಶೋಕ್ ಲೇಲ್ಯಾಂಡಿನಂಥ ಸಂಸ್ಥೆಯ ಸಾಮಾನ್ಯ ಲಾರಿಯ ಚಾಸಿಯ ಮೇಲೆ ನೀರಿನ ಟ್ಯಾಂಕು, ಪಂಪು, ಏಣಿಗಳನ್ನು ಬಾಡಿ ಕಟ್ಟುವವರು ಜೋಡಿಸಿ, ಆ ಒಂದೇ ಅಚ್ಚಿನ ವಾಹನವು ರಾಯಚೂರಿನ ಬಯಲಿಗೂ ಕೊಲ್ಲೂರಿನ ಘಟ್ಟದ ಬುಡಕ್ಕೂ ಹಂಚಿಹೋಗುತ್ತದೆ. ಒಟ್ಟಾಗಿ ಕೊಂಡರೆ ಬೆಲೆ ಇಳಿಯುತ್ತದೆ, ಬಿಡಿಭಾಗಗಳು ಸುಲಭವಾಗಿ ದೊರೆಯುತ್ತವೆ, ಒಂದು ಠಾಣೆಯ ಚಾಲಕನು ಇನ್ನೊಂದು ಠಾಣೆಯ ವಾಹನವನ್ನು ಅಳುಕಿಲ್ಲದೆ ನಡೆಸಬಲ್ಲನು. ಈ ಅನುಕೂಲಗಳನ್ನು ಅಲ್ಲಗಳೆಯುವ ಹಾಗಿಲ್ಲ. ಆದರೆ ಅವೆಲ್ಲ ಕೊಳ್ಳುವವರ ಅನುಕೂಲಗಳು. ಬೆಂಕಿ ಬಿದ್ದ ಮನೆಯವರ ಅನುಕೂಲವು ಬೇರೆಯೇ ಲೆಕ್ಕಕ್ಕೆ ಸೇರಿದುದು.

ಆ ಲೆಕ್ಕವನ್ನು ನೀರಿನ ಭಾರದಿಂದ ಆರಂಭಿಸಬಹುದು. ಸಾಮಾನ್ಯವಾದ ವಾಟರ್ ಟೆಂಡರ್ 4,500 ಲೀಟರ್ ನೀರನ್ನು ಹೊರುತ್ತದೆ. ಎಂದರೆ ನಾಲ್ಕೂವರೆ ಟನ್ ಭಾರ. ನಿಮಿಷಕ್ಕೆ 1,800 ಲೀಟರ್ ಹೊರಚೆಲ್ಲುವ ಪಂಪನ್ನು ಪೂರ್ಣವೇಗದಲ್ಲಿ ನಡೆಸಿದರೆ ಆ ನೀರು ಎರಡೂವರೆ ನಿಮಿಷದಲ್ಲಿ ಬರಿದಾಗುತ್ತದೆ. ಆದುದರಿಂದ ಬೆಂಕಿ ನಂದಿಸುವವರ ನಿಜವಾದ ಚಿಂತೆಯು ತಂದ ನೀರನ್ನು ಕುರಿತುದಲ್ಲ, ಅಲ್ಲಿ ಸಿಗಬೇಕಾದ ನೀರನ್ನು ಕುರಿತುದು. ಪಂಪು ಹೀರುವ ಶಕ್ತಿಗೆ ಪ್ರಕೃತಿಯೇ ಒಂದು ಮೇರೆಯನ್ನು ಇಟ್ಟಿದೆ: ಶಾಸ್ತ್ರದ ಲೆಕ್ಕದಲ್ಲಿ ಅದು ಹತ್ತು ಮೀಟರಿನಷ್ಟಾದರೂ ವ್ಯವಹಾರದಲ್ಲಿ ಏಳು ಮೀಟರಿಗಿಂತ ಕೆಳಗಿನ ನೀರನ್ನು ಮೇಲೆ ನಿಂತ ಪಂಪು ಎತ್ತಲಾರದು. ಮುರಕಲ್ಲಿನ ದಿಣ್ಣೆಗಳ ಮೇಲೆ ತೋಡಿದ ನಮ್ಮ ಬಾವಿಗಳಲ್ಲಿ ಬೇಸಗೆಯ ನೀರು ಅದಕ್ಕಿಂತ ಎಷ್ಟೋ ಆಳಕ್ಕೆ ಇಳಿದಿರುತ್ತದೆ. ಇನ್ನು ದಾರಿಯ ಮಾತು. ಹೆದ್ದಾರಿ 66ರ ಮೇಲೆ ಶಿರೂರಿನಿಂದ ಬ್ರಹ್ಮಾವರದವರೆಗೆ ಎಂಥ ದೈತ್ಯವಾಹನವಾದರೂ ಓಡೀತು. ಆದರೆ ಅಮಾಸೆಬೈಲು, ಶಂಕರನಾರಾಯಣ, ಕೊಕ್ಕರ್ಣೆ, ಮಂದಾರ್ತಿಗಳ ಒಳಭಾಗದಲ್ಲಿ ಅಡಿಕೆತೋಟದ ಅಂಚಿನ ಮಣ್ಣುದಾರಿ, ಎರಡು ಕಡೆಯೂ ಎತ್ತರದ ಅಗಳು, ನಡುವೆ ಹಳೆಯ ಮೋರಿ. ಬೈಂದೂರಿನ ಕೆಲವು ಮನೆಗಳಿಗಂತೂ ಇಂದಿಗೂ ಕಾಲುಸಂಕವೇ ಗತಿ. ತುಂಬಿದ ಟ್ಯಾಂಕಿನ ವಾಹನ ಅಲ್ಲಿ ಹೆದ್ದಾರಿಯ ಬದಿಯಲ್ಲೇ ನಿಂತು, ಸಿಬ್ಬಂದಿಯವರು ಸೊಪ್ಪಿನ ಬರಲು ಹಿಡಿದು ಬೆಂಕಿಯನ್ನು ಬಡಿಯಲು ಓಡಬೇಕಾಗುತ್ತದೆ. ನಾಲ್ಕು ಚಕ್ರಕ್ಕೂ ಬಲ ಸಲ್ಲುವ ಚಿಕ್ಕ ವಾಹನವೊಂದು, ಕೆಲವೇ ನೂರು ಲೀಟರ್ ನೀರು ಮತ್ತು ಇಬ್ಬರು ಹೊತ್ತು ಬಾವಿಯ ಕಟ್ಟೆಗೋ ತೋಡಿನ ದಡಕ್ಕೋ ಒಯ್ಯಬಹುದಾದ ಪಂಪು, ಇವು ಇಂಥಲ್ಲಿ ದೊಡ್ಡ ವಾಹನಕ್ಕಿಂತ ಹೆಚ್ಚು ಹಾಡಿಗಳನ್ನು ಉಳಿಸಿಯಾವು.

ಗಂಗೊಳ್ಳಿಯನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. 2023ರ ನವೆಂಬರ್ 13ರಂದು, ದೀಪಾವಳಿಯ ಸಡಗರದ ನಡುವೆ, ಅಲ್ಲಿನ ಬಂದರಿನಲ್ಲಿ ಲಂಗರು ಹಾಕಿದ್ದ ಮೀನುಗಾರಿಕೆಯ ಬೋಟುಗಳಿಗೆ ಬೆಂಕಿ ತಗಲಿ, ಒಂದರಿಂದ ಇನ್ನೊಂದಕ್ಕೆ ಹಬ್ಬಿ, ಹಲವು ಕುಟುಂಬಗಳ ದುಡಿಮೆಯ ಆಧಾರವು ಕೆಲವು ಗಂಟೆಗಳಲ್ಲಿ ಭಸ್ಮವಾಯಿತು. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿಯು ಕಣ್ಣಳತೆಯಲ್ಲಿ ಕಾಣುತ್ತದೆ. ನಡುವೆ ಹರಿಯುವುದು ಪಂಚಗಂಗಾವಳಿ ಮಾತ್ರ. ಆದರೆ ವಾಹನವು ಹೆಮ್ಮಾಡಿಯನ್ನು ಹಾದು ಮುಳ್ಳಿಕಟ್ಟೆಯಲ್ಲಿ ತಿರುಗಿ ಸುಮಾರು 15 ಕಿಲೋಮೀಟರ್ ಸುತ್ತಿಕೊಂಡು ಹೋಗಬೇಕು. ಡೀಸೆಲು, ಫೈಬರು, ನೈಲಾನು ಬಲೆ ಇವು ಒಟ್ಟಾಗಿ ಉರಿಯುವಾಗ ಬರಿಯ ನೀರು ಸಾಲದು, ನೊರೆ ಬೇಕು; ಮತ್ತು ಹರಿವಿನ ಕಡೆಯಿಂದ ಬೋಟನ್ನು ಸಮೀಪಿಸುವ ಸಾಧನ ಬೇಕು. ಬಂದರು, ಅಳಿವೆ, ಕುದ್ರುಗಳಿರುವ ಈ ಸೀಮೆಗೆ ಪಂಪು ಜೋಡಿಸಿದ ದೋಣಿಯೊಂದು ವಾಹನದಷ್ಟೇ ಅಗತ್ಯವೆಂಬುದನ್ನು ಕೊಳ್ಳುವವರ ಪಟ್ಟಿಯಲ್ಲಿ ಬರೆಯಿಸಲು ಇನ್ನೊಂದು ಅಂಥ ದೀಪಾವಳಿಯನ್ನು ಕಾಯಬೇಕೆ?

ಈಗ ಸವೆತದ ವಿಚಾರ. ಅಗ್ನಿಶಾಮಕ ವಾಹನದ ದುಡಿಮೆಯು ಬೇರೆ ಯಾವ ಲಾರಿಯ ದುಡಿಮೆಯನ್ನೂ ಹೋಲುವುದಿಲ್ಲ. ಸಾಮಾನು ಸಾಗಿಸುವ ಲಾರಿಯು ಸಂಜೆಗೆ ಭಾರವನ್ನು ಇಳಿಸಿ ಹಗುರಾಗುತ್ತದೆ. ಇದು ನಿಂತಲ್ಲಿಯೂ ನಾಲ್ಕೂವರೆ ಟನ್ ನೀರನ್ನು ಹಗಲಿರುಳು ಹೊತ್ತು ನಿಂತಿರುವುದರಿಂದ, ಒಂದು ಅಡಿ ಚಲಿಸದ ದಿನವೂ ಇದರ ಸ್ಪ್ರಿಂಗ್ ಪಟ್ಟಿಗಳು ಬಾಗುತ್ತಿರುತ್ತವೆ, ಟೈರುಗಳು ಒಂದೇ ಮಗ್ಗುಲಿಗೆ ಒತ್ತಲ್ಪಡುತ್ತಿರುತ್ತವೆ. ಕರೆ ಬಂದೊಡನೆ ತಣ್ಣಗಿದ್ದ ಎಂಜಿನ್ನನ್ನು ಬಿಸಿಯಾಗಗೊಡದೆ ಪೂರ್ಣಬಲದಲ್ಲಿ ಓಡಿಸಬೇಕು. ಬೆಂಕಿಯ ಎಡೆಗೆ ಹೋದ ಮೇಲೆ ವಾಹನ ನಿಲ್ಲುತ್ತದೆ, ಎಂಜಿನ್ ನಿಲ್ಲುವುದಿಲ್ಲ; ಅದೇ ಎಂಜಿನ್ನಿನ ಬಲವನ್ನು ಪಂಪಿನ ಕಡೆಗೆ ತಿರುಗಿಸಿ, ಗೋಡಂಬಿ ಕಾರ್ಖಾನೆಯ ಗೋದಾಮಿನ ಮುಂದೆಯೋ ರಬ್ಬರಿನ ಹೊಗೆಗೂಡಿನ ಮುಂದೆಯೋ ಗಂಟೆಗಟ್ಟಲೆ ದುಡಿಸುತ್ತಾರೆ. ಕಿಲೋಮೀಟರ್ ಎಣಿಸುವ ಮೀಟರಿನಲ್ಲಿ ಈ ದುಡಿಮೆ ದಾಖಲಾಗುವುದೇ ಇಲ್ಲ. ನಿಂತಲ್ಲಿ ಒಂದು ಗಂಟೆ ತಿರುಗಿದ ಎಂಜಿನ್ನಿನ ಸವೆತವನ್ನು ಸುಮಾರು 50 ಕಿಲೋಮೀಟರ್ ಓಟಕ್ಕೆ ಸಮವೆಂದು ಎಣಿಸುವ ಪದ್ಧತಿ ಅಮೆರಿಕದ ಕೆಲವು ವಾಹನ ತಯಾರಕರಲ್ಲಿ ಇದೆ. ಈ ಲೆಕ್ಕವನ್ನು ಇಲ್ಲಿಗೂ ಅನ್ವಯಿಸಿದರೆ, ಕಡಿಮೆ ಓಡಿದೆಯೆಂದು ತೋರುವ ವಾಹನ ನಿಜವಾಗಿ ವೃದ್ಧವಾಗಿರಬಹುದು. ಹೆಚ್ಚು ಓಡಿದ್ದು ಗಟ್ಟಿಯಾಗಿಯೂ ಇರಬಹುದು.

ಕರಾವಳಿಯಲ್ಲಿ ಇದಕ್ಕೆ ಉಪ್ಪೂ ಸೇರಿಕೊಳ್ಳುತ್ತದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಕೂಡುವ ಕುಂದಾಪುರದ ಸುತ್ತ ಎತ್ತ ನೋಡಿದರೂ ನೀರೇ. ಆದರೆ ಮಳೆಗಾಲದ ಪ್ರವಾಹ ಇಳಿದ ಮೇಲೆ ಸಮುದ್ರದ ಭರತದೊಡನೆ ಒಳನುಗ್ಗುವ ಆ ನೀರು ಉಪ್ಪುನೀರು. ಬೆಂಕಿ ದೊಡ್ಡದಾದಾಗ ಉಪ್ಪೋ ಸಿಹಿಯೋ ಎಂದು ಆರಿಸುವ ಹೊತ್ತಲ್ಲ. ಹತ್ತಿರದ ಹೊಳೆಗೆ ಪೈಪು ಇಳಿಸಲೇಬೇಕು. ಹಾಗೆ ಒಮ್ಮೆ ಉಪ್ಪುನೀರು ಕುಡಿದ ಪಂಪನ್ನು ಠಾಣೆಗೆ ಮರಳಿದ ಕೂಡಲೆ ಸಿಹಿನೀರಿನಿಂದ ತೊಳೆಯದಿದ್ದರೆ, ಒಳಗಿನ ಕಬ್ಬಿಣವನ್ನು ತುಕ್ಕು ತಿನ್ನಲು ತೊಡಗುತ್ತದೆ. ರಾತ್ರಿ ಎರಡು ಗಂಟೆಗೆ ಮೈಯೆಲ್ಲ ಮಸಿಯಾಗಿ ಬಂದ ಸಿಬ್ಬಂದಿಯವರು ಮಲಗುವ ಮೊದಲು ಈ ಕೆಲಸವನ್ನು ಮಾಡಬೇಕಾಗುತ್ತದೆಂಬುದನ್ನು ಹೊರಗಿನವರು ಅರಿಯರು. ಬೆಳಗಿನ ತಪಾಸಣೆಯಲ್ಲಿ ಅನುಭವಸ್ಥನಾದ ಚಾಲಕನು ಎಣ್ಣೆ, ಬ್ಯಾಟರಿ, ಗಾಳಿಗಳನ್ನು ನೋಡಿದ ತರುವಾಯ ಟ್ಯಾಂಕಿನ ಅಡಿಯ ಕೊಳಾಯಿಯನ್ನು ಒಂದಿಷ್ಟು ತಿರುಗಿಸಿ, ಬೊಗಸೆಗೆ ನೀರು ಹಿಡಿದು, ಅದರ ಬಣ್ಣವನ್ನು ಬೆಳಕಿಗೆ ನೋಡುತ್ತಾನೆ. ಎಳೆಯ ಚಹದ ಬಣ್ಣ ಕಂಡರೆ ಒಳಗಿನ ಬೆಸುಗೆಗಳನ್ನು ತುಕ್ಕು ಕೊರೆಯಲಾರಂಭಿಸಿದೆ ಎಂದು ಅರ್ಥ. ಹೊರಗಿನ ಕೆಂಪು ಬಣ್ಣ ಆಗಿನ್ನೂ ಹೊಸದರಂತೆ ಹೊಳೆಯುತ್ತಿರುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಈ ಉಡುಪಿ ಜಿಲ್ಲೆಗೆ ಕೊಳ್ಳುವ ವಾಹನದ ಟ್ಯಾಂಕು ತುಕ್ಕು ಹಿಡಿಯದ ಉಕ್ಕಿನದೋ ಗಟ್ಟಿ ಪ್ಲಾಸ್ಟಿಕಿನದೋ ಆಗಿರತಕ್ಕದ್ದೆಂದು ವಿವರಪಟ್ಟಿಯಲ್ಲಿ ಒಂದು ಸಾಲು ಸೇರಿಸಿದರೆ, ಮುಂದೆ ಹತ್ತು ವರ್ಷಗಳ ದುರಸ್ತಿಯ ಬಹುಪಾಲು ತಪ್ಪುತ್ತದೆ.

ಹೀಗಿರುವಾಗ ವಾಹನದ ಮುಪ್ಪನ್ನು ನೋಂದಣಿಯ ದಿನಾಂಕದಿಂದ ಮಾತ್ರ ಅಳೆಯುವುದು ಯುಕ್ತವೆ? ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯವು 2023ರ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆಯಂತೆ, ಅದೇ ವರ್ಷದ ಏಪ್ರಿಲ್ 1ರಿಂದ, 15 ವರ್ಷ ದಾಟಿದ ಸರಕಾರೀ ವಾಹನಗಳ ನೋಂದಣಿಯನ್ನು ನವೀಕರಿಸುವಂತಿಲ್ಲ. ಅವು ಗುಜರಿಗೆ ಸಲ್ಲಬೇಕು. ದೇಶರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಗಳ ವಿಶೇಷ ವಾಹನಗಳಿಗೆ ಆ ನಿಯಮದಲ್ಲಿ ವಿನಾಯಿತಿಯುಂಟು. ಬೆಂಕಿ ನಂದಿಸುವ ವಾಹನದ ಹೆಸರು ಆ ಸಾಲಿನಲ್ಲಿಲ್ಲ. ಹಳೆಯ ಎಂಜಿನ್ನುಗಳ ಹೊಗೆಯನ್ನು ತಗ್ಗಿಸುವ ಉದ್ದೇಶವು ಸಾಧುವಾದುದೇ. ಹಳೆಯ ವಾಹನವನ್ನು ಎಂದೆಂದಿಗೂ ಇಟ್ಟುಕೊಳ್ಳಬೇಕೆಂದೂ ನಾನು ವಾದಿಸುತ್ತಿಲ್ಲ. ಬ್ರೇಕು ಹಿಡಿಯದ ವಾಹನದಲ್ಲಿ ಸಿಬ್ಬಂದಿಯವರನ್ನು ಕೂರಿಸಿ ಬಾಳೆಬರೆ ಘಟ್ಟಕ್ಕೆ ಕಳುಹಿಸುವುದು ಪಾಪದ ಕೆಲಸ. ಆದರೆ ಅಮೆರಿಕದ ಅಗ್ನಿಸುರಕ್ಷಾ ಸಂಘದ ಮಾರ್ಗಸೂಚಿಯು 15 ವರ್ಷ ದಾಟಿದ ವಾಹನವನ್ನು ಮುಂಚೂಣಿಯಿಂದ ಹಿಂದೆಗೆದು, ಸುಸ್ಥಿತಿಯಲ್ಲಿದ್ದರೆ ಮೀಸಲಾಗಿ ಇರಿಸಿಕೊಂಡು, 25 ವರ್ಷಕ್ಕೆ ಸೇವೆಯಿಂದ ನಿವೃತ್ತಿಗೊಳಿಸುವಂತೆ ಸಲಹೆಯಿತ್ತಿದೆ. ಪಂಪಿನ ಶಕ್ತಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದೂ ವಿಧಿಸಿದೆ. ಮೀಸಲು ಎಂಬ ಈ ನಡುವಣ ಅವಸ್ಥೆಗೆ ನಮ್ಮ ನಿಯಮದಲ್ಲಿ ಎಡೆಯೇ ಇಲ್ಲ. ಇಂದು ಓಡುವ ವಾಹನ ನಾಳೆ ಬೆಳಗಾಗುವಷ್ಟರಲ್ಲಿ ನಿಷಿದ್ಧವಾಗುತ್ತದೆ. ಅದರ ಸ್ಥಾನಕ್ಕೆ ಬರಬೇಕಾದುದು ಬಾರದಿದ್ದರೆ ಠಾಣೆಯ ಆ ಅಂಕಣ ಖಾಲಿ. ಬೈಂದೂರಿನ ವಾಹನವು ಶಿರೂರಿನ ಕಡೆಗೆ ಹೋದಾಗ ಕೊಲ್ಲೂರಿನಲ್ಲಿ ಬೆಂಕಿ ಬಿದ್ದರೆ ಕುಂದಾಪುರದಿಂದ ಹೊರಡಬೇಕು. ಆಗ ಕುಂದಾಪುರವನ್ನು ಕಾಯಲು ಉಡುಪಿಯ ಕಡೆಗೆ ನೋಡಬೇಕು.

ಹಣದ ಅಭಾವವೆಂಬ ಸಮಾಧಾನವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. 15ನೆಯ ಹಣಕಾಸು ಆಯೋಗದ ಶಿಫಾರಸಿನ ಮೇರೆಗೆ ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆಗಾಗಿ ಕೇಂದ್ರವು 5,000 ಕೋಟಿ ರೂಪಾಯಿಗಳ ಯೋಜನೆಯನ್ನು 2023ರಲ್ಲಿ ಆರಂಭಿಸಿತು. ಅದೇ ವರ್ಷದ ಜನವರಿಯಲ್ಲಿ ನಮ್ಮ ರಾಜಧಾನಿ ಬೆಂಗಳೂರು 90 ಮೀಟರ್ ಎತ್ತರಕ್ಕೆ ಚಾಚುವ ಏಣಿವಾಹನವನ್ನು ಫಿನ್ಲೆಂಡಿನಿಂದ ಸುಮಾರು 31 ಕೋಟಿ ರೂಪಾಯಿ ಕೊಟ್ಟು ತರಿಸಿಕೊಂಡಿತು. ಗಗನಚುಂಬಿ ಕಟ್ಟಡಗಳಲ್ಲಿ ವಾಸಿಸುವವರ ಪ್ರಾಣವೂ ಪ್ರಾಣವೇ ಆದುದರಿಂದ ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆ ಏಣಿಯನ್ನು ಆಯ್ದವರು ನಗರದ ಕಟ್ಟಡಗಳ ಎತ್ತರವನ್ನು ಅಳೆದು ಆಯ್ದರು. ಅದೇ ವಿವೇಕದಿಂದ ನಮ್ಮ ಬಾವಿಗಳ ಆಳವನ್ನೂ ಸಂಕಗಳ ಅಗಲವನ್ನೂ ಅಳೆಯಿರೆಂದು ಕೇಳುವುದಷ್ಟೇ ನನ್ನ ಬೇಡಿಕೆ.

ಅಳೆಯುವ ಕೆಲಸ ಕಷ್ಟವಾದುದಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳ ಗ್ರಾಮ ಪಂಚಾಯತಿಗಳು ತಮ್ಮ ತಮ್ಮ ವ್ಯಾಪ್ತಿಯಲ್ಲಿ ದೊಡ್ಡ ವಾಹನ ಹೋಗಬಲ್ಲ ದಾರಿ ಯಾವುದು, ಎಲ್ಲಿಗೆ ನಿಲ್ಲುತ್ತದೆ, ಬೇಸಗೆಯಲ್ಲಿಯೂ ಸಿಹಿನೀರು ನಿಲ್ಲುವ ಕಿಂಡಿ ಅಣೆಕಟ್ಟು ಯಾವುದು, ಅದರ ದಡಕ್ಕೆ ವಾಹನ ಇಳಿದೀತೆ ಎಂಬುದನ್ನು ಒಂದು ನಕಾಶೆಯಲ್ಲಿ ಗುರುತಿಸಿ ಠಾಣೆಗೆ ಕೊಡಬಹುದು. ಅಣೆಕಟ್ಟಿನ ಬಳಿ ಪೈಪು ಇಳಿಸಲು ಒಂದು ಕಾಂಕ್ರೀಟು ಜಗಲಿ ಕಟ್ಟಿದರೆ ತಗಲುವ ವೆಚ್ಚವು ಒಂದು ಬಸ್ಸು ತಂಗುದಾಣದ ವೆಚ್ಚಕ್ಕಿಂತ ಹೆಚ್ಚಾಗಲಾರದು. ಇಲಾಖೆಯವರು ಮುಂದಿನ ಟೆಂಡರಿನ ವಿವರಪಟ್ಟಿಯನ್ನು ಸಿದ್ಧಪಡಿಸುವ ಮೊದಲು ಕರಾವಳಿಯ ಠಾಣೆಗಳ ಚಾಲಕರನ್ನೂ ಪಂಪು ನಡೆಸುವವರನ್ನೂ ಕರೆಯಿಸಿ ಅವರ ಮಾತನ್ನು ಬರೆದುಕೊಳ್ಳಲಿ. ಪ್ರತಿ ವಾಹನಕ್ಕೂ ಎಂಜಿನ್ ಗಂಟೆಗಳನ್ನು ಎಣಿಸುವ ಮೀಟರನ್ನು ಅಳವಡಿಸಿ, ದೀಪಾವಳಿಗೆ ಮೊದಲು ಪಂಪನ್ನು ಪರೀಕ್ಷಿಸಿ ಫಲಿತಾಂಶವನ್ನು ಠಾಣೆಯ ಬಾಗಿಲಿನಲ್ಲಿ ಅಂಟಿಸಲಿ. ಇನ್ನು 15 ವರ್ಷದ ಗಡುವು ಅನಿರೀಕ್ಷಿತವಾಗಿ ಎರಗುವ ಆಪತ್ತಲ್ಲ. 2015ರಲ್ಲಿ ನೋಂದಣಿಯಾದ ವಾಹನವು 2030ರಲ್ಲಿ ನಿಲ್ಲತಕ್ಕದ್ದೆಂಬುದು 2023ರ ಅಧಿಸೂಚನೆ ಹೊರಟ ದಿನವೇ ನಿಶ್ಚಯವಾದ ಸಂಗತಿ. ಅದರ ಉತ್ತರಾಧಿಕಾರಿಯ ಬೇಡಿಕೆಯು 2028ರ ಮುಂಗಡಪತ್ರದಲ್ಲಿ ಇರಬೇಕು, ಮತ್ತು ಹಾಗೆ ಇರುವಂತೆ ನೋಡಿಕೊಳ್ಳುವ ಭಾರವನ್ನು ಕುಂದಾಪುರ ಬೈಂದೂರುಗಳ ಶಾಸಕರೂ, ಬ್ರಹ್ಮಾವರದ ಭಾಗಗಳನ್ನು ಪ್ರತಿನಿಧಿಸುವ ಶಾಸಕರೂ ಈಗಲೇ ವಹಿಸಿಕೊಳ್ಳಬೇಕು.