ರೂಟರ್ ಬದಲಿಸುವ ಮೊದಲು ಮನೆಯ ಗೋಡೆ ನೋಡಿ

"ಲ್ಯಾಪ್‌ಟಾಪಿನಲ್ಲಿ ನೆಟ್ ಆಮೆ ನಡೆದ ಹಾಗೆ ನಡೆಯುತ್ತದೆ, ಸ್ಪೀಡಿನ ರೂಟರ್ ಒಂದು ಹೇಳಿ ಮಾರಾಯ್ರೆ." ಪೆರಾಬೆ, ಕುಂತೂರು, ಆಲಂಕಾರು ಕಡೆಯ ಗೆಳೆಯರಿಂದ ಈಚೆಗೆ ನಮಗೆ ಹೆಚ್ಚಾಗಿ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಮನೆಯಲ್ಲೇ ಕೂತು ಬೆಂಗಳೂರಿನ ಕಂಪೆನಿಗೆ ದುಡಿಯುವವರಿದ್ದಾರೆ, ಪಿಯುಸಿ ಮಕ್ಕಳ ಅಪ್ಪ ಅಮ್ಮಂದಿರಿದ್ದಾರೆ, ನಮ್ಮ ಹಾಗೆ ಪತ್ರಿಕೋದ್ಯಮ ಓದಿ ಊರಲ್ಲೇ ಉಳಿದು ವರದಿ, ವಿಡಿಯೋ ಮಾಡುವವರೂ ಇದ್ದಾರೆ. ನಾವೇನೂ ಎಂಜಿನಿಯರುಗಳಲ್ಲ. ಆದರೆ ಚಾವಡಿಯ ಮೂಲೆಯಲ್ಲಿ ಮಿಣುಕುವ ಆ ಪುಟ್ಟ ಪೆಟ್ಟಿಗೆಯನ್ನೇ ನಮ್ಮ ಹೊಟ್ಟೆಪಾಡು ನಂಬಿರುವುದರಿಂದ ಅದರ ಗುಣಾವಗುಣ ಕಲಿಯದೆ ವಿಧಿಯಿರಲಿಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹೊಸ ರೂಟರ್ ನಿಜವಾಗಿಯೂ ಬೇಕಾದ ಮನೆಗಳಿವೆ. ಆದರೆ ದುಡ್ಡು ಕೊಟ್ಟು ತಂದವರಲ್ಲಿ ಅನೇಕರಿಗೆ ಬೇಕಾಗಿದ್ದದ್ದು ರೂಟರ್ ಅಲ್ಲ, ಬೇರೆ ಏನೋ. ಇನ್ನು ನಮ್ಮ ಹಳ್ಳಿಗಳು ಕೇಳಬೇಕಾದ ದೊಡ್ಡ ಪ್ರಶ್ನೆಯಂತೂ ಅಂಗಡಿಯಲ್ಲಿ ಕೇಳುವಂಥದ್ದೇ ಅಲ್ಲ.

ತೋಟಕ್ಕೆ ನೀರು ಬಿಡುವವರಿಗೆ ಈ ವಿಷಯ ಬೇಗ ಅರ್ಥವಾಗುತ್ತದೆ. ಕೆರೆಯಲ್ಲಿ ನೀರು ಎಷ್ಟೇ ಇರಲಿ, ಪಂಪು ಎಷ್ಟೇ ಎಚ್‌ಪಿಯದ್ದಾಗಿರಲಿ, ನಡುವೆ ಒಂದು ಕಡೆ ಅರ್ಧ ಇಂಚಿನ ಪೈಪು ಸೇರಿಕೊಂಡಿದ್ದರೆ ಸ್ಪ್ರಿಂಕ್ಲರ್ ತಿರುಗುವುದು ಆ ಅರ್ಧ ಇಂಚಿನ ಲೆಕ್ಕದಲ್ಲೇ. ಇಂಟರ್ನೆಟ್ಟೂ ಹಾಗೆಯೇ. ಕಂಬದಿಂದ ಬರುವ ಫೈಬರ್, ಅದು ಬಂದು ಸೇರುವ ಪೆಟ್ಟಿಗೆ, ರೂಟರ್, ನಡುವಿನ ಗೋಡೆ, ಲ್ಯಾಪ್‌ಟಾಪಿನ ಒಳಗಿರುವ ವೈಫೈ ಕಾರ್ಡು, ಇವಿಷ್ಟರಲ್ಲಿ ಯಾವುದು ಎಲ್ಲಕ್ಕಿಂತ ನಿಧಾನವೋ ಅದೇ ನಿಮ್ಮ ಸ್ಪೀಡು.

ಬಿಎಸ್‌ಎನ್‌ಎಲ್ 2020ರ ಅಕ್ಟೋಬರಿನಲ್ಲಿ 449 ರೂಪಾಯಿಗೆ ತಂದ ಫೈಬರ್ ಬೇಸಿಕ್ ಪ್ಲಾನನ್ನೇ ತೆಗೆದುಕೊಳ್ಳಿ. ಆಗ ಅದರ ಗರಿಷ್ಠ ವೇಗ 30 ಎಂಬಿಪಿಎಸ್ ಇತ್ತು. ಡಬ್ಬದ ಮೇಲೆ 300 ಎಂದು ಬರೆದ ಹಳೆಯ ರೂಟರ್ ಕೂಡ, ಲ್ಯಾಪ್‌ಟಾಪು ಅದೇ ಕೋಣೆಯಲ್ಲಿದ್ದರೆ, ಆ 30ನ್ನು ಸಲೀಸಾಗಿ ದಾಟಿಸುತ್ತದೆ. ಇಂಥ ಮನೆಗೆ 1,200ರದ್ದೋ 3,000ದ್ದೋ ರೂಟರ್ ತಂದರೂ 30 ಎಂಬುದು 31 ಆಗುವುದಿಲ್ಲ.

ಹಾಗಾಗಿ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ಒಂದು ಲ್ಯಾನ್ ಕೇಬಲ್ ತಂದು ಲ್ಯಾಪ್‌ಟಾಪನ್ನು ನೇರವಾಗಿ ಪೆಟ್ಟಿಗೆಗೆ ಜೋಡಿಸಿ ಸ್ಪೀಡ್ ಟೆಸ್ಟ್ ಮಾಡಿ, ಬಂದ ಅಂಕಿ ಬರೆದಿಡಿ. ಕೇಬಲ್ ತೆಗೆದು, ಪೆಟ್ಟಿಗೆಯ ಪಕ್ಕದಲ್ಲೇ ಕೂತು ವೈಫೈಯಲ್ಲಿ ನೋಡಿ. ಮೂರನೆಯದಾಗಿ, ನೀವು ದಿನಾ ಕೆಲಸ ಮಾಡುವ ಕೋಣೆಯಲ್ಲಿ ನೋಡಿ. ಕೇಬಲ್ಲಿನಲ್ಲೇ ಅಂಕಿ ಕಡಿಮೆಯಾದರೆ ತೊಂದರೆ ಲೈನಿನದ್ದು ಅಥವಾ ಪ್ಲಾನಿನದ್ದು, ರೂಟರ್ ಬದಲಿಸಿ ಪ್ರಯೋಜನವಿಲ್ಲ. ಕೇಬಲ್ಲಿನಲ್ಲಿ ಚೆನ್ನಾಗಿದ್ದು ಪಕ್ಕದಲ್ಲೇ ಕೂತರೂ ವೈಫೈ ಸೊರಗಿದರೆ ರೂಟರ್ ಇಲ್ಲವೇ ಲ್ಯಾಪ್‌ಟಾಪು ಹಳತಾಗಿದೆ. ಪಕ್ಕದಲ್ಲಿ ಚೆನ್ನಾಗಿದ್ದು ಕೋಣೆಯಲ್ಲಿ ಮಾತ್ರ ಸೊರಗಿದರೆ ಅಪರಾಧಿ ಗೋಡೆ. ಈ ಮೂರು ಅಂಕಿಗಳು ಕೈಯಲ್ಲಿದ್ದರೆ ಅಂಗಡಿಯವರೂ ಲೈನಿನವರೂ ನಿಮ್ಮ ಹತ್ತಿರ ಬೇರೆಯೇ ರೀತಿಯಲ್ಲಿ ಮಾತಾಡುತ್ತಾರೆ.

ನಮ್ಮ ಕಡೆ ಮೂರನೆಯ ಉತ್ತರವೇ ಹೆಚ್ಚು. ಕೆಂಪುಕಲ್ಲಿನ ದಪ್ಪ ಗೋಡೆ, ಒಂದಾದ ಮೇಲೆ ಒಂದು ಕೋಣೆ, ಮೇಲೆ ಕಬ್ಬಿಣ ಹೆಣೆದ ಕಾಂಕ್ರೀಟು. ಮಳೆಗಾಲದಲ್ಲಿ ತೇವ ಹೀರಿಕೊಂಡ ಕಲ್ಲು ತರಂಗಗಳಿಗೆ ಇನ್ನಷ್ಟು ಅಡ್ಡಿ. ವೈಫೈಗೆ ಮುಖ್ಯವಾಗಿ ಎರಡು ದಾರಿಗಳಿವೆ. 2.4 ಗಿಗಾಹರ್ಟ್ಸ್ ದಾರಿ ನಿಧಾನದ್ದು, ಆದರೆ ಗೋಡೆ ದಾಟುತ್ತದೆ. 5 ಗಿಗಾಹರ್ಟ್ಸ್ ದಾರಿ ವೇಗದ್ದು, ಆದರೆ ಎರಡು ಕಲ್ಲಿನ ಗೋಡೆ ಎದುರಾದರೆ ಉಸಿರು ಬಿಡುತ್ತದೆ. "ಸ್ಪೀಡಿನ ರೂಟರ್" ಎಂದು ಮಾರುವ ವೇಗವೆಲ್ಲ ಹೆಚ್ಚಾಗಿ ಈ ಎರಡನೆಯ ದಾರಿಯದ್ದು. ಅಪಾರ್ಟ್‌ಮೆಂಟಿನಲ್ಲಿ ಅದ್ಭುತವಾಗಿ ಓಡುವ ರೂಟರ್ ತೋಟದ ಮನೆಯಲ್ಲಿ ಅಡುಗೆ ಕೋಣೆಯವರೆಗೂ ತಲುಪದೆ ಇರುವುದು ಅದಕ್ಕೇ.

ಮೊದಲ ಮದ್ದು ಜಾಗ ಬದಲಿಸುವುದು. ಲೈನಿನವರು ತಮಗೆ ಸುಲಭವಾದಲ್ಲಿ, ಅಂದರೆ ಫೈಬರ್ ಒಳಗೆ ಬಂದ ಕಿಟಕಿಯ ಹತ್ತಿರ, ಟಿವಿಯ ಹಿಂದೆ, ಕಬ್ಬಿಣದ ಕಪಾಟಿನ ಮಗ್ಗುಲಲ್ಲಿ ಪೆಟ್ಟಿಗೆ ಇಟ್ಟು ಹೋಗುತ್ತಾರೆ. ಮನೆಯ ನಡುಭಾಗಕ್ಕೆ, ತಲೆಗಿಂತ ಎತ್ತರದಲ್ಲಿ, ಎದುರಿಗೆ ಲೋಹವಿಲ್ಲದಂತೆ ಇಟ್ಟರೆ ಎಷ್ಟೋ ಮನೆಗಳ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಹಾಗೂ ಆಗದಿದ್ದರೆ ಪೆಟ್ಟಿಗೆಯಿಂದ ಕೆಲಸದ ಕೋಣೆಗೆ ಲ್ಯಾನ್ ಕೇಬಲ್ ಎಳೆದುಬಿಡಿ. ನೂರು ಮೀಟರಿನವರೆಗೂ ಅದು ವೇಗ ಬಿಟ್ಟುಕೊಡುವುದಿಲ್ಲ. ಅಟ್ಟದಲ್ಲಿ ಬಿದ್ದಿರುವ ಹಳೆಯ ರೂಟರನ್ನು ಆ ತುದಿಯಲ್ಲಿ 'ಆ್ಯಕ್ಸೆಸ್ ಪಾಯಿಂಟ್' ಆಗಿ ಜೋಡಿಸಿದರೆ ಫೋನುಗಳಿಗೂ ಸಿಗ್ನಲ್ ಬಂತು. ತಂತಿಯಿಲ್ಲದ ಎಕ್ಸ್‌ಟೆಂಡರ್ ಅಗ್ಗವೇನೋ ಹೌದು. ಆದರೆ ಅದು ಒಂದೇ ಬಾಯಿಯಲ್ಲಿ ಕೇಳಿ ಅದೇ ಬಾಯಿಯಲ್ಲಿ ಮರುಹೇಳುವಂಥದ್ದು, ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಲ್ಯಾಪ್‌ಟಾಪನ್ನೂ ವಿಚಾರಿಸಿಕೊಳ್ಳಬೇಕು. ಕಡಿಮೆ ಬೆಲೆಯ ಹಳೆಯ ಲ್ಯಾಪ್‌ಟಾಪುಗಳಲ್ಲಿ ಬರೀ 2.4 ಗಿಗಾಹರ್ಟ್ಸ್‌ನ ಕಾರ್ಡು ಇರುವುದುಂಟು. ತಿಳಿಯಲು ಸುಲಭ ಉಪಾಯವಿದೆ: ಈಚಿನ ಫೋನೊಂದರಲ್ಲಿ ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸ್‌ಗೆ ಇಟ್ಟು ನೋಡಿ. ಉಳಿದ ಫೋನುಗಳಿಗೆ ಕಾಣುವ ಹೆಸರು ಲ್ಯಾಪ್‌ಟಾಪಿಗೆ ಮಾತ್ರ ಕಾಣದಿದ್ದರೆ ಅದಕ್ಕೆ ಆ ದಾರಿಯೇ ಗೊತ್ತಿಲ್ಲ. ಆಗ ರೂಟರಿಗೆ ಸುರಿಯುವ ದುಡ್ಡಿನ ಒಂದು ಪಾಲಿಗೇ ಯುಎಸ್‌ಬಿ ವೈಫೈ ಅಡಾಪ್ಟರ್ ಸಿಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ರೂಟರ್ ಬೇಕು ಎಂದಾದರೆ ಧಾರಾಳವಾಗಿ ತೆಗೆದುಕೊಳ್ಳಿ. 100 ಎಂಬಿಪಿಎಸ್ ಅಥವಾ ಹೆಚ್ಚಿನ ಪ್ಲಾನು, 5 ಗಿಗಾಹರ್ಟ್ಸ್ ಬಲ್ಲ ಲ್ಯಾಪ್‌ಟಾಪು, 2.4 ಮಾತ್ರ ಬಲ್ಲ ಹಳೆಯ ಪೆಟ್ಟಿಗೆ, ಏಕಕಾಲಕ್ಕೆ ಏಳೆಂಟು ಸಾಧನ ಬಳಸುವ ಮನೆಮಂದಿ ಇದ್ದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಡಬ್ಬದ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ. 'ಎಸಿ 1200' ಎಂದರೆ ಒಂದು ದಾರಿಯ 300 ಮತ್ತು ಇನ್ನೊಂದು ದಾರಿಯ 867ನ್ನು ಕೂಡಿಸಿ ದುಂಡು ಮಾಡಿದ್ದು. ನಿಮ್ಮ ಲ್ಯಾಪ್‌ಟಾಪು ಒಂದು ಹೊತ್ತಿಗೆ ಒಂದೇ ದಾರಿಯಲ್ಲಿ ಹೋಗುವುದು, ಅದೂ ಕಾಗದದ ಮೇಲಿನ ವೇಗದಲ್ಲಿ ಅಲ್ಲ. ಹಿಂದಿರುವ ಲ್ಯಾನ್ ಪೋರ್ಟುಗಳು ಗಿಗಾಬಿಟ್ಟಿನವೇ ಎಂದು ಕೇಳಿ. ಕೆಲವು 1,200ರ ರೂಟರುಗಳ ಪೋರ್ಟು 100 ಎಂಬಿಪಿಎಸ್‌ನದ್ದು. 200ರ ಪ್ಲಾನು ಹಾಕಿಸಿದವರು ಅಲ್ಲೇ ಅರ್ಧ ಕಳೆದುಕೊಂಡಂತೆ.

ಅಂಗಡಿಯವರು ಹೇಳದ ಇನ್ನೊಂದು ಮಾತು ಸಿಡಿಲಿನದ್ದು. ಪತ್ತನಾಜೆಯ ಆಸುಪಾಸಿನಲ್ಲಿ ಮತ್ತು ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮಲ್ಲಿ ರೂಟರುಗಳು ಹಳತಾಗಿ ಸಾಯುವುದಿಲ್ಲ, ಸುಟ್ಟು ಸಾಯುತ್ತವೆ. ಫೈಬರಿನ ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ ನಿಜ. ಆದರೆ ಪೆಟ್ಟಿಗೆಯ ಅಡಾಪ್ಟರ್ ಕರೆಂಟಿನ ಲೈನಿಗೇ ಅಂಟಿಕೊಂಡಿರುತ್ತದೆ, ಕೆಲವು ಫೈಬರ್ ಕೇಬಲ್ಲುಗಳಲ್ಲಿ ಆಧಾರಕ್ಕೆಂದು ಉಕ್ಕಿನ ತಂತಿಯೂ ಇರುತ್ತದೆ. ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡುವ ಅಜ್ಜಿಯ ಅಭ್ಯಾಸವೇ ಇಲ್ಲಿ ದೊಡ್ಡ ರಕ್ಷಣೆ. ಮನೆಯಿಂದ ಕೊಟ್ಟಿಗೆಗೋ ಪಕ್ಕದ ಮನೆಗೋ ಬಯಲಿನಲ್ಲಿ ತಾಮ್ರದ ಲ್ಯಾನ್ ಕೇಬಲ್ ಎಳೆಯುವುದನ್ನಂತೂ ಮಾಡಲೇಬೇಡಿ. ಹಾಗೆಯೇ, ಮೂರು ಸಾವಿರದ ರೂಟರಿಗಿಂತ 12 ವೋಲ್ಟಿನ ಸಣ್ಣ ಯುಪಿಎಸ್ ಒಂದು ಹೆಚ್ಚು ಉಪಕಾರಿ ಎನ್ನುವುದು ನಮ್ಮಲ್ಲಿ ಹಲವರ ಅನುಭವ. ಆನ್‌ಲೈನ್ ಸಂದರ್ಶನದ ನಡುವೆ ಕರೆಂಟು ಹೋದರೆ ಅತಿ ವೇಗದ ರೂಟರಿನ ವೇಗವೂ ಸೊನ್ನೆ.

ಇಲ್ಲಿಯವರೆಗಿನದ್ದು ಮನೆಯೊಳಗಿನ ಮಾತು. ನಮ್ಮ ನಿಜವಾದ ತಕರಾರು ಇರುವುದು ಮನೆಯ ಹೊರಗೆ.

ಕೇಂದ್ರ ಸರಕಾರ 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡಿನ ವ್ಯಾಖ್ಯೆಯನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಆ ವ್ಯಾಖ್ಯೆ ಹೇಳುವುದು ಡೌನ್‌ಲೋಡ್ ವೇಗವನ್ನು ಮಾತ್ರ, ಅಪ್‌ಲೋಡಿನ ಸುದ್ದಿಯೇ ಇಲ್ಲ. ಊರಿನಿಂದ ವರದಿ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ. ಫೋನಿನಲ್ಲಿ ಹತ್ತು ನಿಮಿಷ ಚಿತ್ರೀಕರಿಸಿದ ವಿಡಿಯೋ ಒಂದು ಜಿಬಿ ದಾಟುವುದು ಸಾಮಾನ್ಯ. ಒಂದು ಜಿಬಿ ಕಳುಹಿಸಲು 30 ಎಂಬಿಪಿಎಸ್‌ನಲ್ಲಿ ನಾಲ್ಕೂವರೆ ನಿಮಿಷ ಸಾಕು. 5ರಲ್ಲಿ ಇಪ್ಪತ್ತೇಳು ನಿಮಿಷ, 2ರಲ್ಲಿ ಒಂದು ಗಂಟೆಗಿಂತ ಹೆಚ್ಚು. ಅಷ್ಟರಲ್ಲಿ ಪೇಟೆಯಲ್ಲಿ ಕೂತವರು ಬೇರೆ ಸುದ್ದಿಗೆ ಹೋಗಿರುತ್ತಾರೆ. ವ್ಯಾಖ್ಯೆ ಬರೆದವರ ಕಣ್ಣಿಗೆ ಹಳ್ಳಿಯೆಂದರೆ ನೋಡುವ ಊರು, ಕಳುಹಿಸುವ ಊರಲ್ಲ.

ಆದರೆ ಈ ಸೀಮೆ ಯಾವತ್ತೂ ಬರೀ ನೋಡುತ್ತ ಕೂತದ್ದಲ್ಲ. 1988ರಲ್ಲಿ ಪುತ್ತೂರಿನಿಂದ ಹೊರಟ 'ಅಡಿಕೆ ಪತ್ರಿಕೆ' ಕೃಷಿಕರೇ ಬರೆಯುವ ಪತ್ರಿಕೆಯಾಗಿ ಬೆಳೆಯಿತು. ಆಗ ಅಂಚೆಯಣ್ಣ ಊರಿಗೆ ಕಾಗದ ತರುತ್ತಿದ್ದ, ಊರಿನಿಂದ ಒಯ್ಯುತ್ತಲೂ ಇದ್ದ. ಎರಡೂ ಕಡೆಗೆ ಒಂದೇ ವೇಗ. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಕಡೆಯಿಂದ ಬಂದ ಚಿತ್ರ ನೆನಪಿರಬಹುದು: ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುವ ಹುಡುಗಿ, ಪಕ್ಕದಲ್ಲಿ ಕೊಡೆ ಹಿಡಿದು ನಿಂತ ಅಪ್ಪ. ಆ ಚಿತ್ರ ದೇಶಕ್ಕೆಲ್ಲ ತಲುಪಿದ್ದು ಸ್ಥಳೀಯ ಪತ್ರಕರ್ತರೊಬ್ಬರು ಅದನ್ನು ತೆಗೆದು ಕಳುಹಿಸಿದ್ದರಿಂದ. ಅವರಿಗೆ ಕಳುಹಿಸಲು ಆಗದೇ ಇದ್ದಿದ್ದರೆ ನೆಟ್‌ವರ್ಕ್ ಇಲ್ಲ ಎಂಬುದೂ ಯಾರಿಗೂ ತಿಳಿಯುತ್ತಿರಲಿಲ್ಲ.

ಹಾಗಾಗಿ ನಮ್ಮ ಸಲಹೆ ಎರಡು. ಮನೆಯ ಮಟ್ಟಿಗೆ: ಅಳೆಯಿರಿ, ಪೆಟ್ಟಿಗೆಯ ಜಾಗ ಬದಲಿಸಿ, ಕೇಬಲ್ ಎಳೆಯಿರಿ, ಕೊನೆಗೆ ಬೇಕಾದರೆ ರೂಟರ್. ಊರಿನ ಮಟ್ಟಿಗೆ: ಆ ಮೂರು ಅಂಕಿಗಳ ಜೊತೆ ಅಪ್‌ಲೋಡಿನ ಅಂಕಿಯನ್ನೂ, ಗಾಳಿಮಳೆಗೆ ತೆಂಗಿನ ಮಡಲು ಬಿದ್ದು ಲೈನು ತುಂಡಾದ ಮೇಲೆ ಸರಿಯಾಗಲು ಹಿಡಿದ ದಿನಗಳನ್ನೂ ಬರೆದಿಟ್ಟು ಗ್ರಾಮಸಭೆಗೆ ಹೋಗಿ. ಪಂಚಾಯತುಗಳಿಗೆ ಫೈಬರ್ ತಲುಪಿಸುವ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ, ಭಾರತ್‌ನೆಟ್ ಎಂಬ ಹೆಸರು ಬಂದದ್ದು ಆಮೇಲೆ. ನಮ್ಮ ಪಂಚಾಯತಿನಲ್ಲಿ ಅದರ ವೇಗವೆಷ್ಟು, ಅದು ಅರಿವು ಕೇಂದ್ರದ ಕಂಪ್ಯೂಟರಿಗೆ ಬರುತ್ತದೆಯೇ, ಮನೆಯಲ್ಲಿ ಕನೆಕ್ಷನ್ ಇಲ್ಲದ ಹುಡುಗಿಯೊಬ್ಬಳು ಅಲ್ಲಿ ಕೂತು ಅರ್ಜಿ ಕಳುಹಿಸಬಹುದೇ ಎಂದು ಕೇಳುವುದು ಮೆಂಬರರ ಕೆಲಸ ಮಾತ್ರವಲ್ಲ, ನಮ್ಮದೂ ಹೌದು. ಬಾಯಿಮಾತಿನ ದೂರನ್ನು ನಗುತ್ತ ತಳ್ಳಿಹಾಕಬಹುದು, ತಿಂಗಳುಗಟ್ಟಲೆ ಬರೆದಿಟ್ಟ ಅಂಕಿಗಳನ್ನು ಹಾಗೆ ತಳ್ಳಿಹಾಕುವುದು ಕಷ್ಟ.

ಓದಿದ ಮಕ್ಕಳು ಊರು ಬಿಡುತ್ತಾರೆ ಎಂದು ಪ್ರತಿ ಮದುವೆ ಊಟದಲ್ಲೂ ಮಾತಾಗುತ್ತದೆ. ಪೆರಾಬೆಯಲ್ಲಿ ಉಳಿದು ದುಡಿಯಲು ಮನಸ್ಸಿರುವವರು ಈಗಲೂ ಇದ್ದಾರೆ. ಅವರನ್ನು ಉಳಿಸಿಕೊಳ್ಳಲು ಬೇಕಾದದ್ದು ಅಂಗಡಿಯ ಶೋಕೇಸಿನ ಎಂಟು ಆಂಟೆನಾದ ರೂಟರ್ ಅಲ್ಲ, ಮಳೆಗಾಲದಲ್ಲೂ ತುಂಡಾಗದ, ತರುವಷ್ಟೇ ಚೆನ್ನಾಗಿ ಒಯ್ಯುವ ಒಂದು ಲೈನು.