ತೊಗರಿಯ ಕಾಳಿಗೆ ಒಡೆಯನಾರು?

ಚಿತ್ತಾಪುರ ಪಟ್ಟಣದ ಸಮೀಪದಲ್ಲಿ ನಾಗಾವಿ ಎಂಬ ಪ್ರಾಚೀನ ಕ್ಷೇತ್ರವೊಂದಿದೆ. ಯಲ್ಲಮ್ಮನ ದರ್ಶನಕ್ಕೆಂದು ಅಲ್ಲಿಗೆ ಹೋಗುವ ಜನ ಹಳೆಯ ಗುಡಿಗಳ ಕಲ್ಲುಕಂಬಗಳನ್ನು ಒಂದು ಗಳಿಗೆ ನಿಂತು ನೋಡಿ ಮುಂದೆ ಸಾಗುತ್ತಾರೆ. ಆ ಕಂಬಗಳ ಹಿಂದೆ ಒಂದು ವಿದ್ಯಾಪೀಠದ ಕಥೆ ಇದೆಯೆಂಬುದು ಅನೇಕರಿಗೆ ತಿಳಿಯದು. ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿ ಅಲ್ಲೊಂದು ಘಟಿಕಾಸ್ಥಾನ ನಡೆಯುತ್ತಿದ್ದುದನ್ನು ಕ್ರಿ. ಶ. 1058ರ ಶಾಸನ ತಿಳಿಸುತ್ತದೆ. ಇನ್ನೂರಕ್ಕೂ ಮೀರಿದ ವಿದ್ಯಾರ್ಥಿಗಳು, ವೇದಶಾಸ್ತ್ರಗಳನ್ನು ಹೇಳಿಕೊಡುವ ಉಪಾಧ್ಯಾಯರು, ಇವರೊಂದಿಗೆ ಗ್ರಂಥಗಳನ್ನು ನೋಡಿಕೊಳ್ಳಲು ಆರು ಮಂದಿ ‘ಸರಸ್ವತೀ ಭಂಡಾರಿ’ಗಳು ಅಲ್ಲಿದ್ದರು.

ಭಂಡಾರಿ ಎಂದರೆ ಕಾಯುವವನು, ಒಡೆಯನಲ್ಲ. ಆ ಕಾಲದ ವಿದ್ಯಾಪೀಠಕ್ಕೆ ವಿದ್ಯೆ ದಾನದ ವಸ್ತುವಾಗಿತ್ತು. ಇಂದಿನ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ ಹೊಸದೊಂದು ಸಂಗತಿ ಸಿದ್ಧಿಸಿದೊಡನೆ ಏಳುವ ಪ್ರಶ್ನೆಯೇ ಬೇರೆ: ಇದು ಯಾರದು? ಕಂಡುಹಿಡಿದ ಪಂಡಿತನದೇ, ಸಂಬಳ ಕೊಟ್ಟ ವಿಶ್ವವಿದ್ಯಾನಿಲಯದ್ದೇ, ತೆರಿಗೆ ತೆತ್ತ ಜನರದೇ? ಇದು ದೂರದ ಮಹಾನಗರಗಳ ವಿವಾದವೆಂದು ಸೇಡಂ, ಚಿಂಚೋಳಿಗಳ ರೈತ ಉದಾಸೀನನಾಗಿರುವಂತಿಲ್ಲ. ಅವನ ಹೊಲದ ತೊಗರಿಯ ಕಾಳಿನಲ್ಲಿಯೇ ಈ ಪ್ರಶ್ನೆ ಅಡಗಿದೆ.

ಮೊದಲು ಪೇಟೆಂಟು ಎಂದರೇನೆಂಬುದನ್ನು ನೋಡಬೇಕು. ಅದಕ್ಕೆ ಉದಾಹರಣೆ ವಾಡಿಯಲ್ಲಿಯೇ ದೊರೆಯುತ್ತದೆ. ವಾಡಿ ಜಂಕ್ಷನ್ನಿನಲ್ಲಿ ರೈಲು ಬದಲಾಯಿಸಿದವರೆಲ್ಲರೂ ಅಲ್ಲಿಯ ಸಿಮೆಂಟಿನ ಕಾರ್ಖಾನೆಯನ್ನು ಕಂಡಿರುತ್ತಾರೆ. ಸುಣ್ಣಕಲ್ಲನ್ನು ಮಣ್ಣಿನೊಡನೆ ಬೆರೆಸಿ, ಸುಟ್ಟು, ಪುಡಿಮಾಡಿ ‘ಪೋರ್ಟ್‌ಲೆಂಡ್ ಸಿಮೆಂಟ್’ ಮಾಡುವ ವಿಧಾನಕ್ಕೆ 1824ರ ಅಕ್ಟೋಬರ್ 21ರಂದು ಪೇಟೆಂಟು ಪಡೆದವನು ಇಂಗ್ಲೆಂಡಿನ ಲೀಡ್ಸ್ ನಗರದ ಜೋಸೆಫ್ ಆಸ್ಪ್‌ಡಿನ್. ಅವನು ಯಾವ ವಿಶ್ವವಿದ್ಯಾನಿಲಯದ ಪಂಡಿತನೂ ಅಲ್ಲ. ಇಟ್ಟಿಗೆ ಕಟ್ಟುವ ಗೌಂಡಿ. ಪೇಟೆಂಟು ಒಂದು ಒಪ್ಪಂದ. ‘ನಿನ್ನ ಗುಟ್ಟನ್ನು ಬರೆದು ಲೋಕಕ್ಕೆ ತಿಳಿಸು, ಇಷ್ಟು ವರ್ಷ ಅದರ ಲಾಭ ನಿನ್ನೊಬ್ಬನದು, ಆಮೇಲೆ ಎಲ್ಲರದು’ ಎಂದು ಸರ್ಕಾರ ಹೇಳುತ್ತದೆ. ಆಸ್ಪ್‌ಡಿನ್ನನ ಅವಧಿ ಎಂದೋ ಮುಗಿಯಿತು. ಆ ಬಳಿಕ ಅನೇಕರ ಕೈಯಲ್ಲಿ ಆ ವಿಧಾನ ಬಹಳವಾಗಿ ಸುಧಾರಿಸಿತು. ಇಂದು ಭಾರತದಲ್ಲಿ ಈ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ.

ಗೌಂಡಿಯ ಮಾತು ಸರಿ. ಅವನು ತನ್ನ ಕೈಯಿಂದ ದುಡಿದು ತನ್ನ ಹೊಟ್ಟೆ ಹೊರೆಯಬೇಕಾದವನು. ವಿಶ್ವವಿದ್ಯಾನಿಲಯದ ವಿಷಯ ಅಷ್ಟು ಸರಳವಲ್ಲ. ಕೆನಡಾದ ಟೊರೊಂಟೊ ವಿಶ್ವವಿದ್ಯಾನಿಲಯದಲ್ಲಿ 1921ರಿಂದ 1922ರ ನಡುವೆ ಇನ್ಸುಲಿನ್ ಸಿದ್ಧವಾಯಿತು. ಸಕ್ಕರೆ ಕಾಯಿಲೆಯಿಂದ ಸಾಯುತ್ತಿದ್ದ ಮಕ್ಕಳು ಬದುಕಿ ಉಳಿದರು. 1923ರಲ್ಲಿ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಎಂಬ ಮೂವರು ತಮ್ಮ ಪೇಟೆಂಟಿನ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಮಾರಿಬಿಟ್ಟರು. ಅಲ್ಲಿ ಪೇಟೆಂಟು ಹಣಕ್ಕಾಗಿ ಪಡೆದದ್ದಲ್ಲ. ಬೇರೊಬ್ಬರು ಬಾಗಿಲು ಮುಚ್ಚದಿರಲೆಂದು ಹಾಕಿದ ಬೀಗ. ಅದೇ ಕಾಲದಲ್ಲಿ ಅಮೆರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಸ್ಟೀನ್‌ಬಾಕ್ ಎಂಬ ವಿಜ್ಞಾನಿ, ಆಹಾರದಲ್ಲಿ ‘ಡಿ’ ಜೀವಸತ್ತ್ವವನ್ನು ಹೆಚ್ಚಿಸುವ ವಿಧಾನವನ್ನು ಕಂಡುಹಿಡಿದನು. ಅದರ ಆದಾಯ ಸಂಶೋಧನೆಗೇ ಮರಳಲೆಂದು 1925ರಲ್ಲಿ ಅಲ್ಲೊಂದು ಪ್ರತಿಷ್ಠಾನ ಸ್ಥಾಪನೆಯಾಯಿತು. ಒಂದೇ ಸಾಧನ, ಎರಡು ಬಗೆಯ ಬಳಕೆ. ಎರಡೂ ಗೌರವಕ್ಕೆ ಯೋಗ್ಯವೇ.

ಮೂರನೆಯ ಬಗೆಯೊಂದುಂಟು, ಅದು ಭಾರತದ ಅಡಿಗೆಮನೆಗೇ ಕೈಹಾಕಿತು. 1995ರಲ್ಲಿ ಅಮೆರಿಕೆಯ ಮಿಸಿಸಿಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರಕ್ಕೆ ಸೇರಿದ ಇಬ್ಬರು ಸಂಶೋಧಕರ ಹೆಸರಿನಲ್ಲಿ, ಅರಿಸಿನದಿಂದ ಗಾಯ ಮಾಯುವಂತೆ ಮಾಡುವ ಪ್ರಯೋಗಕ್ಕೆ ಪೇಟೆಂಟು ದೊರೆಯಿತು. ಮಗು ಬಿದ್ದು ಮೊಣಕಾಲು ತರಚಿಕೊಂಡರೆ ಅರಿಸಿನ ಹಚ್ಚುವುದನ್ನು ಚಿಂಚೋಳಿಯ ಅಜ್ಜಿಗೆ ಯಾವ ವಿಶ್ವವಿದ್ಯಾನಿಲಯವೂ ಕಲಿಸಬೇಕಾಗಿರಲಿಲ್ಲ. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿ ಹಳೆಯ ಗ್ರಂಥಗಳ ಆಧಾರಗಳನ್ನು ಮುಂದಿಟ್ಟು ಆಕ್ಷೇಪಣೆ ಸಲ್ಲಿಸಿತು. 1997ರಲ್ಲಿ ಪೇಟೆಂಟು ರದ್ದಾಯಿತು. ಹಳೆಯದನ್ನು ಹೊಸದೆಂದು ಹೇಳಿದರೆ ಕಾನೂನು ಒಪ್ಪದು. ಆದರೆ ಹಳೆಯದೆಂಬುದಕ್ಕೆ ಲಿಖಿತ ಸಾಕ್ಷ್ಯವನ್ನು ತಂದು ತೋರಿಸುವವರು ಬೇಕು. ನಾಗಾವಿಯ ಭಂಡಾರಿಗಳ ಕೆಲಸ ಎಷ್ಟು ದೊಡ್ಡದೆಂಬುದು ಇಂತಹ ಸಂದರ್ಭದಲ್ಲಿ ಅರಿವಾಗುತ್ತದೆ.

ಅರಿಸಿನದ ಮಾತು ಹಾಗಿರಲಿ, ಇನ್ನು ತೊಗರಿಯ ಮಾತು. ಕಲಬುರಗಿ ಜಿಲ್ಲೆಯನ್ನು ತೊಗರಿಯ ಕಣಜವೆಂದು ಕರೆಯುವುದು ವಾಡಿಕೆ. ಶಹಾಬಾದಿನ ಫರ್ಸಿಕಲ್ಲನ್ನೂ ವಾಡಿಯ ಸಿಮೆಂಟನ್ನೂ ಕೊಡುವ ಸುಣ್ಣಕಲ್ಲಿನ ನೆಲವೇ ಇಲ್ಲಿಯ ತೊಗರಿಗೂ ಆಧಾರ. ಬೇಳೆಯ ರುಚಿಗೆ ಮಣ್ಣಿನ ಸುಣ್ಣದ ಅಂಶವೂ ಕಾರಣವೆನ್ನುತ್ತಾರೆ. ಮುಂಗಾರಿನಲ್ಲಿ ಕೂರಿಗೆ ಹೂಡಿ ಬಿತ್ತಿದ ಬೀಜ ಡಿಸೆಂಬರ್, ಜನವರಿಗಳಲ್ಲಿ ರಾಶಿಯಾಗಿ ಕಣಕ್ಕೆ ಬರುತ್ತದೆ. ಮಗಳ ಮದುವೆ, ಮಗನ ಕಾಲೇಜಿನ ಫೀಜು, ಸಾಲದ ಕಂತು ಎಲ್ಲವೂ ಆ ರಾಶಿಯನ್ನು ಕಾದು ನಿಂತಿರುತ್ತವೆ.

ಆ ರಾಶಿಗೆ ಒಬ್ಬ ಶತ್ರು ಇದ್ದಾನೆ. ಪುಸ್ತಕಗಳು ಸೊರಗು ರೋಗವೆನ್ನುವ ಈ ಪೀಡೆಯನ್ನು ಹೊಲದಲ್ಲಿ ನೆಟೆ ರೋಗವೆನ್ನುತ್ತಾರೆ. ಹೂವು ಕಾಯಿ ಕಟ್ಟುವ ಹೊತ್ತಿಗೆ, ನಿನ್ನೆಯವರೆಗೆ ನಳನಳಿಸುತ್ತಿದ್ದ ಗಿಡ ನೀರಿಲ್ಲದಂತೆ ಬಾಡಿ ನಿಲ್ಲುತ್ತದೆ. ನೆಲದಲ್ಲಿ ತೇವವಿದ್ದರೂ ಗಿಡಕ್ಕೆ ದಕ್ಕದು. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನ ಮೂಲಕ ಒಳಹೊಕ್ಕು ನೀರು ಏರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಕಾಂಡದ ಮೇಲೆ ಬುಡದಿಂದ ಏರುವ ನೇರಳೆ ಬಣ್ಣದ ಪಟ್ಟೆ ಅದರ ಗುರುತು. ಬೆಳೆ ತೆಗೆದ ಮೇಲೂ ಕೂಳೆಯಲ್ಲಿ ವರ್ಷಗಟ್ಟಲೆ ಅದು ಜೀವ ಹಿಡಿದಿರುತ್ತದೆ. ಔಷಧ ಸಿಂಪಡಿಸಿ ಅದನ್ನು ಹೊಲದಿಂದ ಓಡಿಸುವುದು ಅಸಾಧ್ಯವೆಂದೇ ಹೇಳಬೇಕು. ರೋಗವನ್ನು ತಡೆಯುವ ತಳಿಯೇ ರೈತನಿಗೆ ದೊಡ್ಡ ಆಸರೆ.

ಅಂತಹ ತಳಿಯನ್ನು ಹುಡುಕುವ ಬಗೆ ಕುತೂಹಲಕರವಾಗಿದೆ. ವಿಜ್ಞಾನಿಗಳು ಒಂದು ಹೊಲದಲ್ಲಿ ಬೇಕೆಂದೇ ರೋಗವನ್ನು ಬೆಳೆಸುತ್ತಾರೆ; ಸತ್ತ ಗಿಡಗಳ ಬೇರು ಕಾಂಡಗಳನ್ನು ಕೊಚ್ಚಿ ಅದೇ ಮಣ್ಣಿಗೆ ಸೇರಿಸುತ್ತಾರೆ. ಆ ವಿಷದ ಮಡಿಯಲ್ಲಿ ನೂರಾರು ಬಗೆಯ ತೊಗರಿಯನ್ನು ಬಿತ್ತಿ, ಯಾವುದು ಬದುಕುವುದೆಂದು ನೋಡುತ್ತಾರೆ. ಬದುಕಿದ ಗಿಡದ ಬೀಜವನ್ನು ಮತ್ತೆ ಬಿತ್ತಿ, ಮತ್ತೆ ಆರಿಸಿ, ಇಳುವರಿಯನ್ನು ಊರೂರಿನ ಹೊಲಗಳಲ್ಲಿ ಪರೀಕ್ಷಿಸಿ, ಕೊನೆಗೆ ರೈತನ ಕೈಗೆ ಕೊಡುವ ಹೊತ್ತಿಗೆ ಅನೇಕ ವರ್ಷಗಳೇ ಕಳೆದಿರುತ್ತವೆ.

ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟಿನ ಬೀಜಭಂಡಾರದಲ್ಲಿ ತೊಗರಿಯ 13,000ಕ್ಕೂ ಮೀರಿದ ಮಾದರಿಗಳಿವೆ. ಐ.ಸಿ.ಪಿ. 8863 ಎಂಬುದು ಅವುಗಳಲ್ಲೊಂದು. ಅದು ಮಹಾರಾಷ್ಟ್ರದ ನಾಟಿ ತೊಗರಿಯಿಂದ ಆರಿಸಿದ್ದು. 1980ರ ದಶಕದಲ್ಲಿ ‘ಮಾರುತಿ’ ಎಂಬ ಹೆಸರಿನಿಂದ ಕರ್ನಾಟಕದಲ್ಲಿ ಬಿಡುಗಡೆಯಾಗಿ, ಉತ್ತರ ಕರ್ನಾಟಕದ ತೊಗರಿಯ ಸೀಮೆಯನ್ನು ಕೆಲವೇ ವರ್ಷಗಳಲ್ಲಿ ವ್ಯಾಪಿಸಿತು. ಬೀಜ ಒಬ್ಬ ರೈತನಿಂದ ಇನ್ನೊಬ್ಬನಿಗೆ ಸೇರಿನಿಂದ, ಚೀಲದಿಂದ ಸಾಗಿತು. ಯಾರೂ ಯಾರಿಗೂ ರಾಜಧನ ತೆರಲಿಲ್ಲ.

ಶತ್ರು ಮಾತ್ರ ಸುಮ್ಮನಿರಲಿಲ್ಲ. ಶಿಲೀಂಧ್ರವೂ ವೇಷ ಬದಲಿಸುತ್ತದೆ. ಮಾರುತಿಯ ತರುವಾಯ ಹೊಸ ತಳಿಗಳು ಬೇಕಾದವು. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ ಟಿ.ಎಸ್. 3 ಆರ್, ಜಿ.ಆರ್.ಜಿ. 811 ಮುಂತಾದವನ್ನು ಸಿದ್ಧಪಡಿಸಿತು. ಹಿಂದೆ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಆ ಕೇಂದ್ರ, ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯ 2008ರಲ್ಲಿ ಸ್ಥಾಪನೆಯಾದಂದಿನಿಂದ ಅದರ ಅಂಗವಾಗಿದೆ. ವಿಶ್ವವಿದ್ಯಾನಿಲಯದ ಸಂಶೋಧನೆ ಸೇಡಂ ಸೀಮೆಯ ಬಡವನ ಕೂರಿಗೆಯವರೆಗೆ ಬಂದ ಬಗೆ ಇದು.

ಹಾಗಾದರೆ ಇಂತಹ ತಳಿಗೆ ವಿಶ್ವವಿದ್ಯಾನಿಲಯ ಪೇಟೆಂಟು ಪಡೆಯಬಹುದೇ? ಭಾರತದಲ್ಲಿ ಸಾಧ್ಯವಿಲ್ಲ. 1970ರ ಪೇಟೆಂಟ್ ಕಾಯಿದೆ ಬೇಸಾಯದ ವಿಧಾನಗಳನ್ನು ಮೊದಲಿಂದಲೇ ಹೊರಗಿಟ್ಟಿತ್ತು; 2002ರ ತಿದ್ದುಪಡಿ ಗಿಡ, ಬೀಜ, ತಳಿಗಳನ್ನೂ ಸ್ಪಷ್ಟವಾಗಿ ಹೊರಗಿಟ್ಟಿತು. ಆದರೆ ತಳಿಯನ್ನು ಸಿದ್ಧಪಡಿಸಿದವನ ಶ್ರಮಕ್ಕೆ ಬೆಲೆಯೇ ಬೇಡವೇ? ಅದಕ್ಕೆಂದು ‘ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ’ 2001ರಲ್ಲಿ ಬಂದಿತು. ಹೊಸ ತಳಿಯನ್ನು ನೋಂದಾಯಿಸಿದವನಿಗೆ, ತೊಗರಿಯಂತಹ ಬೆಳೆಯಲ್ಲಿ, 15 ವರ್ಷಗಳವರೆಗೆ ಅದರ ಬೀಜವನ್ನು ಉತ್ಪಾದಿಸಿ ಮಾರುವ ಹಕ್ಕು ದೊರೆಯುತ್ತದೆ. ಮೊಟ್ಟಮೊದಲು ಈ ವ್ಯವಸ್ಥೆಗೆ ಒಳಪಟ್ಟ 12 ಬೆಳೆಗಳಲ್ಲಿ ತೊಗರಿಯೂ ಒಂದು.

ಈ ಕಾಯಿದೆಯ ಹೆಸರಿನಲ್ಲಿಯೇ ‘ರೈತರ ಹಕ್ಕು’ ಎಂಬ ಮಾತಿದೆ; ಅದು ಬರಿಯ ಅಲಂಕಾರವಲ್ಲ. ನೋಂದಾಯಿತ ತಳಿಯಾದರೂ ರೈತ ತನ್ನ ಬೆಳೆಯಿಂದ ಬೀಜ ತೆಗೆದಿಡಬಹುದು, ಮತ್ತೆ ಬಿತ್ತಬಹುದು, ಬೀಗರಿಗೆ ಕೊಡಬಹುದು, ನೆರೆಯವನೊಡನೆ ವಿನಿಮಯ ಮಾಡಿಕೊಳ್ಳಬಹುದು, ಮಾರಲೂಬಹುದು. ತಳಿಯ ಹೆಸರಿನ ಚೀಟಿ ಅಂಟಿಸಿ, ಬ್ರಾಂಡಿನ ಬೀಜವೆಂದು ಮಾತ್ರ ಮಾರುವಂತಿಲ್ಲ. ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ನಾಟಿ ತಳಿಯನ್ನು ರೈತನೇ ತನ್ನ ಹೆಸರಿನಲ್ಲಿ ನೋಂದಾಯಿಸಬಹುದು. ಇಂಥ ವಿಷಯಗಳಲ್ಲಿ ಪ್ರಾಧಿಕಾರದ ಮುಂದೆ ಅವನು ಶುಲ್ಕ ಕೊಡಬೇಕಾಗಿಲ್ಲ.

ಇದು ರೈತನಿಗೆ ತೋರಿದ ದಯೆಯೆಂದು ಕೆಲವರು ಭಾವಿಸುವುದುಂಟು. ಅದು ದಯೆಯಲ್ಲ, ಋಣಸಂದಾಯ. ಮಾರುತಿಯಲ್ಲಿದ್ದ ರೋಗನಿರೋಧ ಶಕ್ತಿಯನ್ನು ವಿಜ್ಞಾನಿ ತನ್ನ ಮೇಜಿನ ಮೇಲೆ ಸೃಷ್ಟಿಸಲಿಲ್ಲ. ಅದು ಹೊಲಗಳಲ್ಲಿ ತಲೆಮಾರುಗಳಿಂದ ಬೆಳೆದು ಬಂದ ನಾಟಿ ತೊಗರಿಯೊಳಗಿತ್ತು. ವಿಜ್ಞಾನಿ ಅದನ್ನು ಗುರುತಿಸಿದನು, ಬೇರ್ಪಡಿಸಿದನು, ಪರೀಕ್ಷೆಗೆ ಒಡ್ಡಿ ಖಚಿತಪಡಿಸಿದನು. ಅದೂ ಸಣ್ಣ ಕೆಲಸವಲ್ಲ. ಆದರೂ ಆ ಕಾಳಿನಲ್ಲಿ ಇಬ್ಬರ ಪಾಲೂ ಇದೆ.

2019ರಲ್ಲಿ ‘ಕಲಬುರಗಿ ತೊಗರಿ ಬೇಳೆ’ಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಗಡಿಯಾಚೆಯ ತಾಂಡೂರಿನ ತೊಗರಿಗೂ 2022ರಲ್ಲಿ ಅದು ದೊರೆಯಿತು. ಇದು ಇನ್ನೊಂದು ಬಗೆಯ ಒಡೆತನ: ವ್ಯಕ್ತಿಯದಲ್ಲ, ನೆಲದ್ದು. ಆ ಹೆಸರನ್ನು ಬೇರೆ ಸೀಮೆಯ ಬೇಳೆಗೆ ಅಂಟಿಸುವಂತಿಲ್ಲ.

ಇಷ್ಟೆಲ್ಲ ಹಕ್ಕುಗಳ ಮಾತಾಡಿದ ಮೇಲೂ ಒಂದು ಕಹಿ ಸತ್ಯ ಉಳಿಯುತ್ತದೆ. 2022ರ ಮುಂಗಾರಿನ ಬೆಳೆಯಲ್ಲಿ ನೆಟೆ ರೋಗ ಕಲಬುರಗಿ ಜಿಲ್ಲೆಯ ತೊಗರಿಯನ್ನು ಭಾರಿ ಪ್ರಮಾಣದಲ್ಲಿ ಒಣಗಿಸಿತು. ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಬೇಕಾಯಿತು. ರೋಗ ತಡೆಯುವ ತಳಿಗಳು ಸಂಶೋಧನಾ ಕೇಂದ್ರದಲ್ಲಿದ್ದ ಕಾಲದಲ್ಲಿಯೇ ಇದು ನಡೆಯಿತು. ತೊಗರಿಯ ಹೂವಿಗೆ ಜೇನ್ನೊಣಗಳು ಮುತ್ತುವುದರಿಂದ ತಳಿಗಳು ಬೆರಕೆಯಾಗುತ್ತವೆ. ಒಂದೇ ಬೀಜವನ್ನು ಅನೇಕ ವರ್ಷ ಬಿತ್ತಿದರೆ ಅದರ ಗುಣ ಕ್ಷೀಣಿಸುತ್ತದೆ. ಆದುದರಿಂದ ಶುದ್ಧವಾದ ಹೊಸ ಬೀಜ ಕೆಲವು ವರ್ಷಗಳಿಗೊಮ್ಮೆಯಾದರೂ, ಮಳೆಗೆ ಮುನ್ನ, ಸಾಕಷ್ಟು ಪ್ರಮಾಣದಲ್ಲಿ ರೈತ ಸಂಪರ್ಕ ಕೇಂದ್ರಕ್ಕೆ ಬಂದಿರಬೇಕು. ಬೀಜ ಉಳಿಸಿಕೊಳ್ಳುವ ಹಕ್ಕು ದೊಡ್ಡದು. ಒಳ್ಳೆಯ ಬೀಜ ಕೈಗೆ ಸಿಕ್ಕದಿದ್ದರೆ ಅದು ಬರಿಗೈಯ ಹಕ್ಕು.

ವಿಶ್ವವಿದ್ಯಾನಿಲಯಗಳೂ ಈ ಮಾತನ್ನು ಮನಗಾಣಬೇಕಾಗಿದೆ. 2021ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟಿನ ಶುಲ್ಕದಲ್ಲಿ ಶೇಕಡಾ 80ರಷ್ಟು ರಿಯಾಯಿತಿ ದೊರೆಯಿತು. ವಿದ್ಯಾಸಂಸ್ಥೆಗಳ ಶ್ರೇಯಾಂಕ ನಿರ್ಣಯದಲ್ಲಿಯೂ ಪೇಟೆಂಟುಗಳನ್ನು ಎಣಿಸುತ್ತಾರೆ. ಇದರಿಂದ ಅರ್ಜಿಗಳು ಹೆಚ್ಚಾಗುವುದು ಸಹಜ. ಆದರೆ ಕಪಾಟಿನಲ್ಲಿ ಮಲಗಿದ ಪೇಟೆಂಟು ಯಾರ ಹೊಟ್ಟೆಯನ್ನೂ ತುಂಬದು. ಮಾರುತಿ ತಳಿಗೆ ಪೇಟೆಂಟಿರಲಿಲ್ಲ; ಆದರೂ ಅದು ಸಾವಿರಾರು ಮನೆಗಳ ಕಣವನ್ನು ತುಂಬಿತು. ಸಂಶೋಧನೆಯನ್ನು ಅಳೆಯುವ ಸೇರು ಯಾವುದಾಗಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ರೈತನಾದ ವಾಚಕನು ನೆನಪಿನಲ್ಲಿಡಬೇಕಾದ ಸಂಗತಿಯೊಂದುಂಟು. ನೋಂದಾಯಿತ ತಳಿಯ ಬೀಜ ಮಾರುವವರು, ಅದು ಯಾವ ಸ್ಥಿತಿಯಲ್ಲಿ ಎಷ್ಟು ಫಲ ಕೊಡುವುದೆಂಬುದನ್ನು ಮೊದಲೇ ತಿಳಿಸಬೇಕು. ಆ ಮಾತು ಸುಳ್ಳಾದರೆ ಪರಿಹಾರ ಕೇಳುವ ಅವಕಾಶವನ್ನು ಇದೇ ಕಾಯಿದೆ ರೈತನಿಗೆ ಕೊಟ್ಟಿದೆ. ಹಾಗೆ ಕೇಳಲು ಸಾಕ್ಷ್ಯ ಬೇಕು. ಬೀಜದ ಚೀಲಕ್ಕೆ ಹೊಲಿದ ಚೀಟಿಯನ್ನೂ ಅಂಗಡಿಯ ರಸೀದಿಯನ್ನೂ ಬಿತ್ತನೆ ಮುಗಿದೊಡನೆ ಎಸೆಯದೆ, ರಾಶಿ ಮುಗಿಯುವವರೆಗೆ ಮನೆಯ ಪೆಟ್ಟಿಗೆಯಲ್ಲಿ ಜೋಪಾನ ಮಾಡಬೇಕು. ನಾಗಾವಿಯಲ್ಲಿ ವಿದ್ಯೆಯನ್ನು ಕಾಯಲು ಆರು ಮಂದಿ ಭಂಡಾರಿಗಳಿದ್ದರು. ತನ್ನ ಬೀಜಕ್ಕೂ ಹಕ್ಕಿಗೂ ರೈತ ತಾನೇ ಭಂಡಾರಿಯಾಗಬೇಕು.